ಮೂತ್ರಪಿಂಡಗಳಿಗೆ ಏರುವ ಸೋಂಕು

ನಮ್ಮ ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ, ಎರಡು ಮೂತ್ರಪಿಂಡಗಳಿವೆ. ದಿನವೊಂದಕ್ಕೆ ಸುಮಾರು ೧೮೦ ಲೀಟರು ದ್ರವವನ್ನು ರಕ್ತದಿಂದ ಸೋಸಿ, ಅದರ ಬಹುಭಾಗವನ್ನು ರಕ್ತಕ್ಕೇ ಮರಳಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಕೆಳಕ್ಕೆ ಕಳುಹಿಸುವುದು ಇವುಗಳ ಕಾರ್ಯ. ಮೂತ್ರವು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಆದರೆ ಈ ಪಿಂಡಗಳ ಸೋಂಕು ಬಹುಮಟ್ಟಿಗೆ ಕೆಳಗಿನಿಂದ ಮೇಲಕ್ಕೆ ಏರಿಬರುತ್ತದೆ. ಇದು ಹೇಗೆ ಸಾಧ್ಯ?

೧೮೮೫ರಲ್ಲಿ ಥಿಯೊಡೋರ್ ಎಷರಿಖ್ ಎಂಬ ವೈದ್ಯವಿಜ್ಞಾನಿ ಶಿಶುಗಳ ಮಲದಲ್ಲಿ ಒಂದು ಬ್ಯಾಕ್ಟೀರಿಯವನ್ನು ಕಂಡು ವರ್ಣಿಸಿದನು. ಇಂದು ಆತನ ಹೆಸರನ್ನೇ ಹೊತ್ತಿರುವ ಎಷರಿಕಿಯ ಕೋಲೈ ಎಂಬ ಆ ಜೀವಿಯೇ ಹೆಚ್ಚಿನ ರೋಗಿಗಳಲ್ಲಿ ಈ ಸೋಂಕಿಗೆ ಕಾರಣ. ಅದು ನಮ್ಮ ಕರುಳಿನಲ್ಲಿ ಸಾಮಾನ್ಯವಾಗಿ ನಿರುಪದ್ರವಿಯಾಗಿ ಬಾಳುತ್ತದೆ. ಅದರ ಕೆಲವು ತಳಿಗಳ ಮೈಮೇಲೆ ಕೂದಲಿನಂತಹ ಅತಿಸೂಕ್ಷ್ಮ ತಂತುಗಳಿವೆ. ಮೂತ್ರಮಾರ್ಗವನ್ನು ಹೊಕ್ಕ ಇಂತಹ ತಳಿಗಳು ಈ ತಂತುಗಳಿಂದ ಒಳಗೋಡೆಯನ್ನು ಅಂಟಿ ಹಿಡಿದು, ಹರಿವಿಗೆ ಕೊಚ್ಚಿಹೋಗದೆ, ಮೂತ್ರಕೋಶವನ್ನೂ ಅಲ್ಲಿಂದ ಮೂತ್ರಪಿಂಡವನ್ನೂ ತಲುಪುತ್ತವೆ. ಅನುಕೂಲ ಪರಿಸ್ಥಿತಿಯಲ್ಲಿ ಇವು ೨೦ ನಿಮಿಷಗಳಿಗೊಮ್ಮೆ ಇಮ್ಮಡಿಯಾಗಬಲ್ಲವು.

ಮೂತ್ರಕೋಶದಿಂದ ಹೊರಬರುವ ನಾಳವು ಪುರುಷರಲ್ಲಿ ಸುಮಾರು ೨೦ ಸೆಂಟಿಮೀಟರು ಉದ್ದವಿದ್ದರೆ, ಸ್ತ್ರೀಯರಲ್ಲಿ ಸುಮಾರು ೪ ಸೆಂಟಿಮೀಟರು ಮಾತ್ರ. ಸ್ತ್ರೀಯರಲ್ಲಿ ಈ ರೋಗ ಹೆಚ್ಚಾಗಿರುವುದಕ್ಕೆ ಇದೊಂದು ಮುಖ್ಯ ಕಾರಣ. ಕಲ್ಲುಗಳಿಂದಲೋ, ಗರ್ಭಧಾರಣೆಯಿಂದಲೋ, ವೃದ್ಧ ಪುರುಷರಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿಕೊಳ್ಳುವುದರಿಂದಲೋ ಮೂತ್ರದ ಹರಿವಿಗೆ ಅಡ್ಡಿಯಾದಾಗಲೂ ಸೋಂಕಿಗೆ ದಾರಿ ಸುಗಮವಾಗುತ್ತದೆ. ಸಿಹಿಮೂತ್ರ ರೋಗಿಗಳಲ್ಲಿಯೂ ಅಪಾಯ ಅಧಿಕ.

ಚಳಿನಡುಕದೊಡನೆ ಜ್ವರ, ಪಕ್ಕೆಯಲ್ಲಿ ನೋವು, ವಾಂತಿ, ಉರಿಮೂತ್ರ, ಇವು ರೋಗದ ಮುಖ್ಯ ಲಕ್ಷಣಗಳು. ಇದನ್ನು ಸಾಮಾನ್ಯ ಜ್ವರವೆಂದು ಅಲಕ್ಷಿಸಿದರೆ ಬ್ಯಾಕ್ಟೀರಿಯಗಳು ರಕ್ತವನ್ನು ಸೇರಿ ಪ್ರಾಣಕ್ಕೇ ಸಂಚಕಾರ ತರಬಹುದು.

ಚಿಕಿತ್ಸೆಗೆ ಪ್ರತಿಜೀವಕ ಔಷಧಗಳುಂಟು. ಆದರೆ ಯಾವ ಔಷಧ? ೧೯೬೧ರಲ್ಲಿ ಬಳಕೆಗೆ ಬಂದ ಆಂಪಿಸಿಲಿನ್ ಒಂದು ಕಾಲದಲ್ಲಿ ಈ ಬ್ಯಾಕ್ಟೀರಿಯವನ್ನು ಸುಲಭವಾಗಿ ಕೊಲ್ಲುತ್ತಿತ್ತು. ಇಂದು ಅದಕ್ಕೆ ಜಗ್ಗದ ತಳಿಗಳು ನಮ್ಮ ದೇಶದಲ್ಲಿ ವಿಪುಲವಾಗಿವೆ. ಆದುದರಿಂದ ವೈದ್ಯರು ಔಷಧವನ್ನು ಕೊಡುವ ಮೊದಲೇ ಮೂತ್ರದ ಮಾದರಿಯನ್ನು ಪ್ರಯೋಗಶಾಲೆಗೆ ಕಳುಹಿಸುತ್ತಾರೆ. ಅಲ್ಲಿ ಸೂಕ್ಷ್ಮಜೀವಿಯನ್ನು ಬೆಳೆಸಿ, ಅದು ಯಾವ ಔಷಧಕ್ಕೆ ಮಣಿಯುವುದೆಂದು ಪರೀಕ್ಷಿಸುತ್ತಾರೆ. ಇದಕ್ಕೆ ಎರಡು ಮೂರು ದಿನಗಳು ಬೇಕು. ಅಲ್ಲಿಯವರೆಗೆ ಕಾಯದೆ, ಅನುಭವದ ಆಧಾರದ ಮೇಲೆ ಚಿಕಿತ್ಸೆಯನ್ನು ಆರಂಭಿಸಿ, ಫಲಿತಾಂಶ ಬಂದೊಡನೆ ಅಗತ್ಯವಾದರೆ ಔಷಧವನ್ನು ಬದಲಾಯಿಸುತ್ತಾರೆ. ಹರಿವಿಗೆ ತಡೆಯಿದ್ದರೆ ಅದನ್ನೂ ನಿವಾರಿಸಬೇಕು.

ಜ್ವರವು ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ಆದರೆ ಜ್ವರ ಇಳಿದ ಮಾತ್ರಕ್ಕೆ ಸೋಂಕು ಅಳಿಯಿತೆಂದಲ್ಲ. ವೈದ್ಯರು ಗೊತ್ತುಪಡಿಸಿದ ಒಂದೆರಡು ವಾರಗಳ ಔಷಧವನ್ನು ನಡುವೆ ಬಿಟ್ಟರೆ ರೋಗ ಮರುಕಳಿಸಬಹುದು.

ಶುಚಿಯಾದ ಶೌಚಾಲಯವಿಲ್ಲದೆ, ಸಂಜೆಯವರೆಗೆ ನೀರನ್ನೂ ಕುಡಿಯದೆ ಮೂತ್ರವನ್ನು ತಡೆದುಕೊಂಡಿರುವ ವಿದ್ಯಾರ್ಥಿನಿಯರು ನಮ್ಮ ನಾಡಿನಲ್ಲಿ ಇನ್ನೂ ಇದ್ದಾರೆ. ಹರಿವೇ ಮೂತ್ರಮಾರ್ಗದ ಮೊದಲ ಕಾವಲು ಎಂಬುದನ್ನು ಬಲ್ಲ ನಾವು, ಅಂತಹ ಶಾಲೆಗಳಲ್ಲಿ ನೀರು ಮತ್ತು ಶೌಚಾಲಯಗಳ ವ್ಯವಸ್ಥೆಯನ್ನು ಆರೋಗ್ಯರಕ್ಷಣೆಯ ಭಾಗವೆಂದೇ ಎಣಿಸಬೇಕಾಗಿದೆ.