ಹುಟ್ಟಿದ ದಿನ ಯಾರಿಗೆ ಬೇಕು?

ಅಂತರ್ಜಾಲ ತಾಣವೊಂದರಲ್ಲಿ ಖಾತೆ ತೆರೆಯಲು ಹೊರಟರೆ ಹೆಸರಿನ ಬೆನ್ನಿಗೇ ಬರುವ ಪ್ರಶ್ನೆ ಹುಟ್ಟಿದ ದಿನಾಂಕದ್ದು. ಹಾಡು ಕೇಳುವುದಕ್ಕೂ ಗೆಳೆಯರ ಚಿತ್ರ ನೋಡುವುದಕ್ಕೂ ಜಾತಕದ ವಿವರ ಏಕೆ?

ಇದರ ಬೇರು ಅಮೆರಿಕದಲ್ಲಿದೆ. 1990ರ ದಶಕದಲ್ಲಿ ಅಲ್ಲಿ ಕೆಲವು ತಾಣಗಳು ಆಟ, ಬಹುಮಾನಗಳ ಆಸೆ ತೋರಿಸಿ ಮಕ್ಕಳಿಂದ ಮನೆಯ ವಿವರಗಳನ್ನು ಸಂಗ್ರಹಿಸತೊಡಗಿದವು. ಇದನ್ನು ತಡೆಯಲು 1998ರಲ್ಲಿ ಮಕ್ಕಳ ಖಾಸಗಿತನ ಕಾಪಾಡುವ ಕಾನೂನು ಬಂತು. 2000ದ ಏಪ್ರಿಲ್‌ನಲ್ಲಿ ಜಾರಿಯಾಯಿತು. 13 ವರ್ಷದೊಳಗಿನವರ ವಿವರ ಪಡೆಯಲು ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕೆಂದು ಅದು ವಿಧಿಸಿತು. ಒಪ್ಪಿಗೆ ಪಡೆಯುವ ತಾಪತ್ರಯಕ್ಕಿಂತ ಮಕ್ಕಳನ್ನು ಹೊರಗಿಡುವುದೇ ಲೇಸೆಂದು ಅನೇಕ ತಾಣಗಳು ಬಗೆದವು. ‘13 ತುಂಬಿದೆಯೇ?’ ಎಂದು ಕೇಳಿದರೆ ಉತ್ತರ ಪ್ರಶ್ನೆಯಲ್ಲೇ ಸಿಕ್ಕಿಬಿಡುತ್ತದೆ. ಆದ್ದರಿಂದ ದಿನಾಂಕವನ್ನೇ ಕೇಳುವ ರೂಢಿ ಬೆಳೆಯಿತು. ವಯಸ್ಸಿಗೆ ತಕ್ಕ ಜಾಹೀರಾತು ತೋರಿಸುವ ವ್ಯಾಪಾರಿಗಳಿಗೂ ಅದು ಅನುಕೂಲವಾಯಿತು. ಭಾರತದ 2023ರ ದತ್ತಾಂಶ ರಕ್ಷಣಾ ಕಾಯ್ದೆಯಂತೂ 18 ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ.

ಆದರೆ ಬರೆದ ದಿನಾಂಕವೆಲ್ಲ ನಿಜವಲ್ಲ. ನಮ್ಮ ಹಳ್ಳಿಗಳಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ಮೇಷ್ಟರು ಜೂನ್ 1 ಎಂದು ಬರೆದುಕೊಂಡದ್ದುಂಟು. ಕೊನೆಗೆ ನಿವೃತ್ತಿಯೂ ಅದರಂತೆಯೇ ಆಯಿತು. ಈಗ ಹತ್ತು ವರ್ಷದ ಹುಡುಗ ತಾನೇ ಮೇಷ್ಟರಾಗಿ ತನ್ನ ವಯಸ್ಸು ಏರಿಸಿಕೊಳ್ಳುತ್ತಾನೆ. ಅದಕ್ಕೇ ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16ರೊಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆ ನಿಷೇಧಿಸಿದಾಗ, ಬಳಕೆದಾರ ತಾನೇ ಹೇಳಿಕೊಂಡ ವಯಸ್ಸೊಂದೇ ಸಾಲದೆಂದು ಅಧಿಕಾರಿಗಳು ಸ್ಪಷ್ಟಪಡಿಸಿದರು.

ಸುಳ್ಳು ಹೇಳಿದ ಮಗು ಒಳಹೊಕ್ಕರೆ, ನಿಜ ಹೇಳಿದ ದೊಡ್ಡವರು ಗುಟ್ಟು ಬಿಟ್ಟುಕೊಡುತ್ತಾರೆ. ಅಂಚೆ ಸಂಖ್ಯೆ, ಲಿಂಗ, ಜನ್ಮದಿನಾಂಕ ಈ ಮೂರೇ ಸೇರಿದರೆ ಅಮೆರಿಕದ ಶೇ. 87ರಷ್ಟು ಜನರನ್ನು ಬಹುಶಃ ಹೆಸರಿಲ್ಲದೆಯೇ ಗುರುತಿಸಬಹುದೆಂದು ಲಟಾನ್ಯಾ ಸ್ವೀನಿ ಎಂಬ ಸಂಶೋಧಕಿ 2000ದಲ್ಲಿ ಲೆಕ್ಕ ಹಾಕಿದ್ದರು. ನಮ್ಮಲ್ಲಿ ಇ-ಪ್ಯಾನ್ ಕಡತದ ಬೀಗ ತೆರೆಯುವುದು ಜನ್ಮದಿನಾಂಕದಿಂದ. ಇ-ಆಧಾರ್ ಕಡತದ್ದು ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷದಿಂದ. ಗುಪ್ತಪದ ಕಳವಾದರೆ ಬದಲಿಸಬಹುದು. ಹುಟ್ಟಿದ ದಿನವನ್ನು ಬದಲಿಸುವುದು ಹೇಗೆ?

ಬ್ಯಾಂಕು, ತೆರಿಗೆ ಇಲಾಖೆಗಳಿಗೆ ನಿಜ ದಿನಾಂಕ ಕೊಡಲೇಬೇಕು. ಉಳಿದೆಡೆ ಅದನ್ನು ಕೊಡಲೇಬೇಕೇ ಎಂದು ಮೊದಲು ನೋಡಬೇಕು. ಕೊಟ್ಟರೂ ಇತರರಿಗೆ ಕಾಣದಂತೆ ಮರೆಮಾಡುವ ಸೌಕರ್ಯ ಬಹಳ ತಾಣಗಳಲ್ಲಿದೆ. ಜನ್ಮದಿನದ ಶುಭಾಶಯ ಹೇಳುವ ಆಪ್ತರಿಗೆ ದಿನಾಂಕ ಹೇಗೂ ಗೊತ್ತಿರುತ್ತದೆ.