ಕೌದಿಗೂ ಉಡಿ ತುಂಬಿದ ಸಂಜೆ

ಅಮೀನಗಡದಲ್ಲಿ ಬಸ್ಸು ಬದಲಿಸಿ ಐಹೊಳೆಗೆ ಬಂದಿಳಿದಾಗ ಬೆಳಗಿನ ಎಂಟು. ಗೆಳತಿಯ ಮನೆಯ ಪಡಸಾಲೆಯಲ್ಲಿ ಆಗಲೇ ಕಾಲಿಡಲು ಜಾಗವಿರಲಿಲ್ಲ. ಫರ್ಸಿಯ ಮೇಲೆ ಕೌದಿ ಹಾಸಿತ್ತು. ಅದು ಜರುಗಬಾರದೆಂದು ಒಂದು ಮೂಲೆಗೆ ನೀರು ತುಂಬಿದ ತಂಬಿಗೆ, ಇನ್ನೊಂದಕ್ಕೆ ಕುಟ್ಟಾಣಿ, ಮತ್ತೊಂದಕ್ಕೆ ಇಟ್ಟಂಗಿ ಇಟ್ಟಿದ್ದರು. ನಾಲ್ಕನೆಯ ಮೂಲೆಗೆ ಮನೆಯ ಅಜ್ಜಿ, ಆಯಿಯೇ ಕೂತಿದ್ದಳು.

‘ಚಪ್ಪಲಿ ಅಲ್ಲೇ ಬಿಟ್ಟು ಬಾ ತಂಗಿ. ಮೊದಲ ದಾರಾ ಪೋಣಸು, ಚಾ ಆಮ್ಯಾಲ.’

ಸಂಜೆಗೆ ಗೆಳತಿಯ ಮಗಳ ಕುಬಸ. ಏಳನೆಯ ತಿಂಗಳದ್ದು, ತವರುಮನೆಯದು. ಹುನಗುಂದದಿಂದ ಬೀಗರು ಬರುವವರಿದ್ದರು. ಅಷ್ಟರೊಳಗೆ ಕೌದಿ ಮುಗಿಯಬೇಕೆಂಬುದು ಆಯಿಯ ಹಟ. ಮೂರು ದಿನದಿಂದ ಕೂತು ಹೊಲಿದರೂ ನಡುವಿನ ಮೂರು ಮೊಳದಷ್ಟು ಉಳಿದಿತ್ತು. ಓಣಿಯ ಕಾಕಿ, ಸೂಳೇಭಾವಿಯ ಚಿಗವ್ವ, ನಮ್ಮ ಜೊತೆ ಸಾಲಿ ಕಲಿತ ಇನ್ನಿಬ್ಬರು, ನಾನು, ಗೆಳತಿ, ಆಯಿ, ಎಲ್ಲ ಸೇರಿ ಏಳು ಸೂಜಿ.

ಯಾರಿಗೆ ಈ ಕೌದಿ ಎಂದು ಬೀಗರು ಕೇಳಿದರೆ ಬಾಣಂತಿಗೆ ಅನ್ನಬೇಕು. ಹುಟ್ಟುವ ಮೊದಲೇ ಕೂಸಿನ ಅರಿವೆ ಹೊಲಿಯಬಾರದೆಂಬುದನ್ನು ಆಯಿ ಮುರಿಯುವವಳಲ್ಲ. ಆದರೂ ಒಳಪದರಿಗೆ ಅವಳು ಆರಿಸಿದ್ದು ನೂರು ಸಲ ಒಗೆದು ಬೆಣ್ಣೆಯಂತಾದ ಧೋತರಗಳನ್ನೇ. ಯಾರ ಮೈಗೆ ಅಷ್ಟು ಮೆತ್ತಗೆ ಬೇಕೆಂಬುದು ಏಳೂ ಮಂದಿಗೆ ಗೊತ್ತಿತ್ತು. ಯಾರೂ ಬಾಯಿಬಿಡಲಿಲ್ಲ.

ಕೌದಿಯ ಹೊಲಿಗೆ ದಡದಿಂದ ಶುರುವಾಗಿ ಸುತ್ತು ಹಾಕುತ್ತ ಹಾಕುತ್ತ ಒಳಗೆ ಸರಿಯುತ್ತದೆ. ಒಂದು ಸುತ್ತಿಗೂ ಇನ್ನೊಂದಕ್ಕೂ ಬೆರಳಿನ ಅಂತರ. ಟಾಕು ಜೋಳದ ಕಾಳಿನಷ್ಟು ಉದ್ದ ಬೀಳಬೇಕು. ಸುತ್ತು ಕಿರಿದಾದಂತೆ ಹೊಲಿಯುವವರೂ ಹತ್ತಿರ ಹತ್ತಿರ ಬರುತ್ತಾರೆ. ಮೊದಲ ದಿನ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಲು ಕೂಗಬೇಕಿತ್ತಂತೆ. ಇವತ್ತು ಮೊಣಕಾಲಿಗೆ ಮೊಣಕಾಲು ತಾಗುತ್ತಿದ್ದವು. ಮನೆಯ ಗುಟ್ಟುಗಳೆಲ್ಲ ಹೊರಬೀಳುವುದು ಈ ಕೊನೆಯ ಸುತ್ತುಗಳಲ್ಲೇ. ಯಾರ ಮಗನಿಗೆ ಕನ್ಯೆ ಗೊತ್ತಾಯಿತು, ಯಾರ ಹೊಲದ ಬಾವಿಗೆ ನೀರು ಬಿತ್ತು, ಯಾರು ಯಾರ ಸಂಗಡ ಮಾತು ಬಿಟ್ಟಿದ್ದಾರೆ. ಕೈ ಮಾತ್ರ ನಿಲ್ಲುವಂತಿಲ್ಲ.

ನನ್ನ ಪಾಲಿಗೆ ಬಂದ ಬದಿಯಲ್ಲಿ ಒಂದು ಕೆಂಪು ತುಣುಕಿತ್ತು. ಆಯಿಯ ಅತ್ತೆಯ ಇಳಕಲ್ ಸೀರೆಯ ಸೆರಗು. ನಡುನಡುವೆ ಬಿಳಿ, ಕೋಟೆಯ ಕೊಮ್ಮೆಯಂಥ ತೆನಿಯ ಸಾಲು. ಕೆಂಪು ಮಾಸಿ ಇಟ್ಟಂಗಿಯ ಬಣ್ಣಕ್ಕೆ ತಿರುಗಿದೆ. ತುಣುಕಿನ ಒಂದು ಅಂಚಿನಲ್ಲಿ ಸೀರೆಯ ಒಡಲಿನ ನೀಲಿಯೂ ನಾಲ್ಕು ಬೆರಳು ಉಳಿದುಕೊಂಡಿತ್ತು. ಒಡಲು ಮುಗಿದು ಸೆರಗು ಶುರುವಾಗುವ ಆ ಗೆರೆಯ ಮೇಲೆ ಉಗುರು ಆಡಿಸಿದೆ. ಸಣ್ಣಗೆ ತಡೆಯುತ್ತದೆ. ಒಡಲಿನ ಹಾಸಿನ ಒಂದೊಂದು ಎಳೆಯನ್ನೂ ಸೆರಗಿನ ಎಳೆಗೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಇಳಕಲ್ ಸೀರೆ ಉಳಿದ ಸೀರೆಗಳಿಂದ ಬೇರೆಯಾಗುವುದೇ ಈ ಕೊಂಡಿಯಿಂದ. ಸಾವಿರಾರು ಎಳೆಗಳನ್ನು ಹೀಗೆ ಕೂಡಿಸುವ ಕೆಲಸದಲ್ಲಿ ಮನೆಯ ಹೆಂಗಸರ ಬೆರಳುಗಳೇ ಹೆಚ್ಚು ಸವೆದಿವೆ. ಉಟ್ಟವಳು ಹೋಗಿ ಎಷ್ಟೋ ವರ್ಷ, ಸೀರೆ ಹಿಂಜಿ ಚಿಂದಿಯಾದದ್ದೂ ಎಂದೋ. ಕೊಂಡಿ ಮಾತ್ರ ಒಂದೂ ಬಿಟ್ಟಿರಲಿಲ್ಲ.

ಅದರ ಪಕ್ಕದಲ್ಲೇ ಗುಳೇದಗುಡ್ಡದ ಖಣದ ಎರಡು ಚೂರು, ಗೆಳತಿಯ ಮದುವೆಯ ಕುಬಸದವು. ಆಚೆ ಒಂದು ಬಿಳಿ ತುಣುಕಿನ ಮೇಲೆ ಕಂದು ಕಲೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲೆಲ್ಲ ನೀರು ನಿಂತಿತ್ತಲ್ಲ, ಆಗ ಹೊಳೆದಂಡೆಯ ನೆಂಟರ ಮನೆಯಲ್ಲಿ ನೆನೆದ ಟ್ರಂಕಿನಿಂದ ತೆಗೆದ ದುಪ್ಪಟಿಯಂತೆ. ಸೋಡಾ ಹಾಕಿ ಕುದಿಸಿದರೂ ಕಲೆ ಹೋಗಲಿಲ್ಲವೆಂದು ಕಾಕಿ ಹೇಳಿದಳು. ‘ಹೋಗದಿದ್ರ ಇರವಲ್ದ್ಯಾಕ. ಹೊಳಿನೂ ನಮ್ಮದ ಅಲ್ಲನು’ ಎಂದಳು ಆಯಿ.

ಹನ್ನೊಂದರ ಹೊತ್ತಿಗೆ ಚುರಮರಿ ಸೂಸಲ ಬಂತು, ಮಿರ್ಚಿ ಬಂದವು. ಎಣ್ಣೆ ಕೈ ಕೌದಿಗೆ ತಾಗೀತೆಂದು ಎಲ್ಲರೂ ಕಟ್ಟೆಯ ಮೇಲೆ ಕೂತೆವು. ಅಲ್ಲಿಂದ ನೋಡಿದರೆ ಗುಡಿಗಳ ಮಾಳಿಗೆ ಕಾಣುತ್ತವೆ. ಐಹೊಳೆಯಲ್ಲಿ ಮನೆ ಯಾವುದು ಗುಡಿ ಯಾವುದು ಎಂಬಷ್ಟು ಎರಡೂ ಒತ್ತೊತ್ತಾಗಿ ಇದ್ದ ಕಾಲವನ್ನು ನಾನೂ ಕಂಡವಳು. ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದೇ ಅದರಲ್ಲಿ ವಾಸವಿದ್ದವನಿಂದ. ಆ ಗುಡಿಯ ಮಾಳಿಗೆಯನ್ನು ಒಮ್ಮೆ ನಿಂತು ನೋಡಬೇಕು. ಇಳಿಜಾರಾಗಿ ಹಾಸಿದ ಚಪ್ಪಡಿಗಳ ಸಂದಿಯಲ್ಲಿ ಮಳೆ ಇಳಿಯದಿರಲೆಂದು ಸಂದಿ ಸಂದಿಯ ಮೇಲೂ ಮರದ ತೊಲೆಯಂಥ ಉದ್ದನೆಯ ಕಲ್ಲು ಕೂರಿಸಿದ್ದಾರೆ. ಚಿಕ್ಕಂದಿನಿಂದ ನನ್ನ ಕಣ್ಣಿಗೆ ಅದು ಕಲ್ಲಿಗೆ ಹಾಕಿದ ಹೊಲಿಗೆ.

ಮಧ್ಯಾಹ್ನ ಎರಡಕ್ಕೆ ಕರೆಂಟು ಹೋಯಿತು, ಫ್ಯಾನು ನಿಂತಿತು. ಸುಗ್ಗಿ ಮುಗಿದ ಬಿಸಿಲು. ಬೆವರಿಗೆ ಸೂಜಿ ಜಾರತೊಡಗಿತು. ಮೂರಕ್ಕೆ ದೊಡ್ಡ ಪೆಟ್ಟೇ ಬಿತ್ತು. ನಾಲ್ಕೂ ಕಡೆಯಿಂದ ಅವಸರದಲ್ಲಿ ಜಗ್ಗಿ ಹೊಲಿದದ್ದಕ್ಕೆ ಕೌದಿ ನಡುವೆ ಉಬ್ಬಿ, ಪೂರಿಯ ಹಾಗೆ ಎದ್ದು ಕೂತಿತ್ತು. ಕೈಯಿಂದ ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ. ಗೆಳತಿಯ ಕಣ್ಣಲ್ಲಿ ನೀರು. ಐದೂವರೆಗೆ ಬೀಗರು.

ಆಯಿ ಬೈಯಲಿಲ್ಲ. ಅಂಗೈಯಿಂದ ಸುತ್ತಲೂ ಸವರಿದಳು, ಕಣ್ಣು ಮುಚ್ಚಿ, ಹೊಟ್ಟೆನೋವಿನ ಕೂಸನ್ನು ಸವರುವ ಹಾಗೆ. ಒಂದು ಕಡೆ ಕೈ ನಿಂತಿತು. ‘ಇದು ಇಳಕಲ್ಲಾಕಿ ಟಾಕು. ಬಿಗಿ ಹಿಡದಾಳ.’ ಇಳಕಲ್ಲಾಕಿ ಎಂದರೆ ನಾನು. ನೋಡದೆಯೇ ಹೇಳಿದಳು! ಆಮೇಲೆ ಒಬ್ಬೊಬ್ಬರದೂ ಹೇಳುತ್ತ ಹೋದಳು. ಕಾಕಿಯದು ಉದ್ದ ಟಾಕು, ಚಿಗವ್ವನದು ಎಡಕ್ಕೆ ವಾಲುತ್ತದೆ, ಗೆಳತಿಯದು ಮೂರಕ್ಕೊಂದು ಸಣ್ಣದು. ಈ ಊರಿನ ಕಲ್ಲಿಗೆ ಹೆಸರು ಉಳಿಸಿಕೊಳ್ಳುವ ರೂಢಿ ಮೊದಲಿನಿಂದ ಇದೆ. ಮೇಗುಟಿ ಬಸದಿಯ ಗೋಡೆಯ ಮೇಲೆ 634ರಲ್ಲಿ ಕವಿ ರವಿಕೀರ್ತಿ ತನ್ನ ಹೆಸರನ್ನು ಕಾಳಿದಾಸ, ಭಾರವಿಯರ ಜೊತೆಗೆ ಬರೆಸಿಕೊಂಡ. ನರಸೊಬ್ಬನಂಥ ಶಿಲ್ಪಿ ಹಿಂದೆ ಇರಲಿಲ್ಲ, ಮುಂದೆ ಆಗುವುದಿಲ್ಲ ಎಂದು ಹೊಗಳುವ ಶಾಸನವೂ ಇಲ್ಲಿದೆ. ಕೌದಿಯಲ್ಲಿ ಯಾರ ಹೆಸರೂ ಇರುವುದಿಲ್ಲ ಎಂದುಕೊಂಡಿದ್ದೆ. ಓದಲು ಬಾರದ ಆಯಿ ಅದನ್ನು ಬೆರಳಿನಿಂದ ಓದಿಬಿಟ್ಟಳು.

ನನ್ನ ಎರಡು ಮೊಳ ಹೊಲಿಗೆ ಬಿಚ್ಚಿದೆವು. ಕೌದಿ ಉಸಿರು ಬಿಟ್ಟಂತೆ ನೆಲಕ್ಕೆ ಕೂತಿತು. ಮತ್ತೆ ಹೊಲಿದೆ, ಸಡಿಲ ಕೈಯಿಂದ. ಐದಕ್ಕೆ ನಡುವೆ ಅಂಗೈ ಅಗಲ ಬಿಟ್ಟು ಉಳಿದದ್ದೆಲ್ಲ ಮುಗಿಯಿತು. ಅಷ್ಟನ್ನೂ ಮುಗಿಸಿಬಿಡೋಣವೆಂದರೆ ಆಯಿ ಸೂಜಿ ಕಸಿದುಕೊಂಡಳು. ‘ಅದು ಅದರ ಹೊಟ್ಟಿ. ಈಗ ಮುಚ್ಚಬ್ಯಾಡ್ರಿ.’

ಮುಂದಿನ ಅರ್ಧ ತಾಸು ಯಾರು ಏನು ಮಾಡಿದರೆಂಬುದು ನೆನಪಿಲ್ಲ. ಚಿಂದಿ ಗುಡಿಸಿದ್ದು, ಮುಖ ತೊಳೆದದ್ದು, ಮಲ್ಲಿಗೆ ದಂಡೆ ಹಂಚಿದ್ದು. ನನಗೆ ಸಿಕ್ಕ ಕೆಲಸ ಹುಡುಗಿಗೆ ಸೀರೆ ಉಡಿಸುವುದು. ಹಸಿರು ಒಡಲಿನ ಇಳಕಲ್, ಸೆರಗಿನ ಬಳಿ ಚಿಗವ್ವ ಎಳೆ ಎಣಿಸಿ ಹಾಕಿದ ಕಸೂತಿಯ ತೊಟ್ಟಿಲು. ಒಳಮೈ ಹೊರಮೈ ಎರಡೂ ಒಂದೇ, ಗಂಟಿಲ್ಲ. ಏಳು ತಿಂಗಳ ಹೊಟ್ಟೆಯ ಕೆಳಗೆ ನೆರಿಗೆ ನಿಲ್ಲಿಸುವುದು ಸುಲಭವಲ್ಲ. ಒಂದೊಂದೇ ಹಿಡಿದು ಒತ್ತುವಾಗ ರಾವಣಫಡಿಯ ಸಪ್ತಮಾತೃಕೆಯರು ಕಣ್ಣಮುಂದೆ ಬಂದರು. ಕುಣಿಯುವ ಶಿವನ ಬದಿಗೆ ನಿಂತ ಆ ತಾಯಂದಿರ ಉಡುಗೆಯ ನೆರಿಗೆಗಳನ್ನು ಸಣ್ಣ ಸಣ್ಣ ಗೆರೆಯಾಗಿ ಕೊರೆದಿದ್ದಾರೆ, ಒಂದೂ ಇನ್ನೊಂದರ ಮೇಲೆ ಬಿದ್ದಿಲ್ಲ. ಕೊರೆದವನು ತನ್ನ ಮನೆಯಲ್ಲಿ ಯಾರೋ ನೆರಿಗೆ ಹಿಡಿಯುವುದನ್ನು ನೋಡಿದ್ದಿರಬೇಕು.

ಬೀಗರು ಬುತ್ತಿಯ ಗಂಟು ಹೊತ್ತು ಬಂದರು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ, ಅಗಸಿ ಹಿಂಡಿ, ಅಮೀನಗಡದ ಕರದಂಟು. ಅಂಗಳದಲ್ಲಿ ಮಣೆ ಹಾಕಿ ಅದರ ಮೇಲೆ ಮಡಚಿದ ಕೌದಿ, ಕೌದಿಯ ಮೇಲೆ ಹುಡುಗಿ. ಕೈತುಂಬ ಹಸಿರು ಬಳೆ ಇಟ್ಟರು. ಕುಬಸವೆಂದರೆ ರವಿಕೆ ತಾನೆ? ಇಡೀ ಕಾರ್ಯಕ್ಕೇ ಹೊಲಿದ ಬಟ್ಟೆಯ ಹೆಸರಿಟ್ಟ ಜನ ನಾವು. ಅತ್ತೆ ಹೊಸ ಖಣ ಕೊಟ್ಟಳು. ಐದು ಜನ ಮುತ್ತೈದೆಯರು ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಎಲೆ ಅಡಿಕೆ ಹಾಕಿ ಉಡಿ ತುಂಬಿದರು. ಕಾಕಿ ಸೋಬಾನೆ ಎತ್ತಿದಳು. ಅವಳ ದನಿ ಬಿದ್ದುಹೋಗಿತ್ತು, ಹಗಲೆಲ್ಲ ಮಾತಾಡಿ. ಬೀಗರ ಕಡೆಯ ಹೆಂಗಸರು ಹಿಡಿದುಕೊಂಡು ನಡೆಸಿದರು.

ಆರತಿಯಾದ ಮೇಲೆ ಜನ ಊಟಕ್ಕೆ ಎದ್ದರು. ಆಯಿ ಏಳಲಿಲ್ಲ. ಕೌದಿ ಬಿಡಿಸಿ ಹುಡುಗಿಯ ಮುಂದೆ ಹರಡಿದಳು. ಅವಳ ಉಡಿಯಿಂದಲೇ ಒಂದು ಚಿಟಿಕೆ ಅಕ್ಕಿ ತೆಗೆದು, ರೊಟ್ಟಿಯ ಚೂರೊಂದನ್ನು ಸೇರಿಸಿ, ಬಿಟ್ಟಿದ್ದ ಜಾಗದಲ್ಲಿ ಪದರಿನ ಒಳಗೆ ಇಟ್ಟಳು. ಕೌದಿ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಬಾರದು ಎಂಬುದು ಅವಳ ಅವ್ವ ಹೇಳಿಕೊಟ್ಟ ಮಾತು. ಆಮೇಲೆ ಸೂಜಿಯನ್ನು ಮೊಮ್ಮಗಳ ಕೈಗೆ ಕೊಟ್ಟಳು.

ಹುಡುಗಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವವಳು. ಸೂಜಿ ಹಿಡಿದು ಎಷ್ಟು ವರ್ಷವಾಗಿತ್ತೋ. ಉಡಿಯಕ್ಕಿ ಚೆಲ್ಲದಂತೆ ಒಂದು ಕೈಯಲ್ಲಿ ಸೆರಗು ಹಿಡಿದು ಇನ್ನೊಂದರಲ್ಲಿ ಹೊಲಿದಳು. ಬಳೆಗಳು ಒಂದೇ ಸಮನೆ ಸದ್ದು ಮಾಡುತ್ತಿದ್ದವು. ಟಾಕು ಒಂದು ಉದ್ದ, ಒಂದು ಗಿಡ್ಡ, ಒಂದು ಗೆರೆ ಬಿಟ್ಟೇ ಓಡಿತ್ತು.

‘ಸೊಟ್ಟ ಆತಲ್ಲ ಆಯಿ. ಬಿಚ್ಚಲೇನು?’

ಆಯಿ ಕಣ್ಣು ಮುಚ್ಚಿ ಅದರ ಮೇಲೆ ಹೆಬ್ಬೆರಳು ಆಡಿಸಿದಳು. ‘ಬಿಚ್ಚಬ್ಯಾಡ. ಗುರ್ತ ಹಿಡೀತೀನಿ.’

ದಾರವನ್ನು ಹಲ್ಲಿನಿಂದ ಕಡಿದಳು. ಒಳಗಿನಿಂದ ಎಲೆ ಹಾಕಿದ್ದೇವೆಂದು ಗೆಳತಿ ಕೂಗಿದಳು.