ದಾರಿ ತೋರುವ ಮೊಬೈಲಿಗೆ ಪಿವಿಸಿ ಪೈಪಿನ ಗೂಡು

2023ರ ಆಗಸ್ಟ್. ನಮ್ಮ ದಾಳಿಂಬೆ ಹೈದರಾಬಾದಿಗೆ ಹೊರಟಿತ್ತು. 20 ಕಿಲೋದ 70 ಕ್ರೇಟು. ಹಳೆಯ ಪಿಕಪ್ ಗಾಡಿ. ಓಡಿಸಲು ಅಣ್ಣನ ಮಗ, ಪಕ್ಕದಲ್ಲಿ ನಾನು. ರಾತ್ರಿ 7ಕ್ಕೆ ಇಳಕಲ್ ಬಿಟ್ಟೆವು. ಮುದಗಲ್, ಲಿಂಗಸುಗೂರು, ರಾಯಚೂರು, ಶಕ್ತಿನಗರದ ಕೃಷ್ಣಾ ಸೇತುವೆ, ಮೆಹಬೂಬನಗರ. ಅಲ್ಲಿವರೆಗೆ ನಮಗೆ ಯಾರೂ ದಾರಿ ಹೇಳಬೇಕಿಲ್ಲ.

ತೊಡಕು ಇರುವುದು ಹೈದರಾಬಾದ್ ಹತ್ತಿರ ಬಂದ ಮೇಲೆ. ಮೊದಲು ಹಣ್ಣಿನ ಮಾರುಕಟ್ಟೆ ಗಡ್ಡಿಅನ್ನಾರಂನಲ್ಲಿತ್ತು. ಊರೊಳಗೇ ಇದ್ದದ್ದರಿಂದ 'ಕೊತ್ತಪೇಟ ಎಲ್ಲಿ' ಅಂದರೆ ಚಹಾದಂಗಡಿಯವನೂ ಕೈ ಮಾಡಿ ತೋರಿಸುತ್ತಿದ್ದ. 2021ರಲ್ಲಿ ಅದನ್ನು ವಿಜಯವಾಡ ರಸ್ತೆಯ ಬಾಟಸಿಂಗಾರಂಗೆ ಒಯ್ದರು. ಈಗ ಶಂಶಾಬಾದಿನಲ್ಲಿ ಹೊರವರ್ತುಲ ರಸ್ತೆ ಹತ್ತಬೇಕು, ಪೆದ್ದ ಅಂಬರಪೇಟದಲ್ಲಿ ಇಳಿಯಬೇಕು. ಆ ವರ್ತುಲ ರಸ್ತೆ 158 ಕಿಲೋಮೀಟರ್ ಸುತ್ತಳತೆಯದು. ಇಳಿಯುವ ಜಾಗ ತಪ್ಪಿದರೆ ಅಲ್ಲಿ ಗಾಡಿ ತಿರುಗಿಸುವ ಮಾತೇ ಇಲ್ಲ. ನಡುರಾತ್ರಿ ಕೇಳೋಣವೆಂದರೆ ಪಿಳ್ಳೆಯೂ ಸಿಗದು. ಹಾಗಾಗಿ ಮೊಬೈಲಿನ ನಕಾಶೆಯೇ ಗತಿ.

ಮೊಬೈಲು ಎಲ್ಲಿತ್ತು? ಹುಡುಗನ ತೊಡೆಯ ಮೇಲೆ. ನೀವು ಹಿಡಿದುಕೊಂಡು ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹಿಡಿದಿದ್ದೆ. ಮುದಗಲ್ ದಾಟುತ್ತಲೇ ನಿದ್ದೆ ಹತ್ತಿತು. ಹಿಂದಿನ ಎರಡು ದಿನ ಹಣ್ಣು ಕೊಯ್ಲು, ಆರಿಸುವುದು, ತುಂಬುವುದು ನಡೆದಿತ್ತು.

ಎಚ್ಚರವಾದಾಗ ಲಿಂಗಸುಗೂರು ಹಿಂದೆ ಬಿದ್ದಿತ್ತು. ಮುಂದೆ ಒಂದು ಲಾರಿ ಕೆಟ್ಟು ರಸ್ತೆಯಲ್ಲೇ ನಿಂತಿದೆ. ಹಿಂದೆ ದೀಪವಿಲ್ಲ. ಎರಡು ಕಲ್ಲು, ಒಂದು ಗಿಡದ ಟೊಂಗೆ. ಹುಡುಗ ಕೆಳಗೆ ನೋಡುತ್ತಿದ್ದ. "ಏ ತಮ್ಮಾ!" ಎಂದು ಒದರಿದೆ. ಅವನು ಬಲಕ್ಕೆ ಎಳೆದ. ನನ್ನ ಬದಿಯ ಕನ್ನಡಿ ಹಾರಿಹೋಯಿತು. ಅಷ್ಟೇ ಹೋದದ್ದು ನಮ್ಮ ಪುಣ್ಯ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹತ್ತಿರಹತ್ತಿರ 17 ಮೀಟರ್ ಹೋಗುತ್ತದೆ. ಎರಡು ಸೆಕೆಂಡು ತೊಡೆ ನೋಡಿದರೆ 33 ಮೀಟರ್ ಕಣ್ಣು ಮುಚ್ಚಿ ಓಡಿಸಿದ ಹಾಗೆ.

ಇನ್ನೊಂದು ಪೆಟ್ಟು ವರ್ತುಲ ರಸ್ತೆಯಲ್ಲಿ ಬಿತ್ತು. "ಕಾಕಾ, ಸೆಲ್ ಆಫ್ ಆತು." ದಾರಿಯುದ್ದಕ್ಕೂ ಚಾರ್ಜರು ಸಿಕ್ಕಿಸಿಯೇ ಇತ್ತು! ಆದರೂ ಸತ್ತಿತು. ನನ್ನದು ಬಟನ್ ಮೊಬೈಲು. ಪೆದ್ದ ಅಂಬರಪೇಟ ತಪ್ಪಿ ಘಟಕೇಸರದ ಬೋರ್ಡು ಕಂಡಾಗ ತಿಳಿಯಿತು. ಇಳಿದು, ಕೇಳಿ, ಮತ್ತೆ ತಪ್ಪಿ, ಮಾರುಕಟ್ಟೆ ಮುಟ್ಟುವಾಗ ಹರಾಜು ಅರ್ಧ ಮುಗಿದಿತ್ತು. ಬೆಳಗಿನ ಮೊದಲ ದರಕ್ಕಿಂತ ನಮ್ಮ ಹಣ್ಣಿಗೆ ಕಿಲೋಗೆ 18 ರೂಪಾಯಿ ಕಡಿಮೆ ಬಂತು. 1,400 ಕಿಲೋಗೆ ಲೆಕ್ಕ ಹಾಕಿ: ರೂ. 25,200.

ಸಿಕ್ಕಿಸಿದ್ದರೂ ಏಕೆ ಸತ್ತಿತು?

ಊರಿಗೆ ಬಂದು ಇಳಕಲ್ಲಿನಲ್ಲಿ ಮೊಬೈಲು ರಿಪೇರಿ ಮಾಡುವ ಹುಡುಗನೊಬ್ಬನ ಮುಂದೆ ಕುಳಿತೆ. "ಮಾಮಾ, ಚಾರ್ಜರ್ ಇತ್ತು ಖರೆ. ಕರೆಂಟು ಮುಟ್ಟಿಲ್ಲ" ಎಂದ. ಅಳೆದು ತೋರಿಸಿದ. ಚಾರ್ಜರಿನ ಬಾಯಲ್ಲಿ 5 ವೋಲ್ಟ್ ಇದೆ. ಒಂದೂವರೆ ಮೀಟರಿನ ಸಪೂರ ವೈರಿನ ಆ ತುದಿಯಲ್ಲಿ, ಮೊಬೈಲು ಎಳೆಯುತ್ತಿರುವಾಗ, ಬರೀ 4.4. ನಮಗೆ ಇದು ಹೊಸದಲ್ಲ. ಸಣ್ಣ ಲ್ಯಾಟರಲನ್ನು ಉದ್ದಕ್ಕೆ ಎಳೆದರೆ ಕೊನೆಯ ಗಿಡಕ್ಕೆ ಹನಿ ಬೀಳುವುದಿಲ್ಲ. ಇಲ್ಲಿಯೂ ಅದೇ.

ಮತ್ತೊಂದು ಸಂಗತಿ ನನಗೆ ಹೊಸದು. ಚಾರ್ಜಿಂಗ್ ವೈರಿನೊಳಗೆ ನಾಲ್ಕು ಎಳೆ. ಕೆಂಪು, ಕಪ್ಪು ವಿದ್ಯುತ್ತಿನವು. ಹಸಿರು, ಬಿಳಿ ಮಾಹಿತಿಯವು. ಚಾರ್ಜರಿನೊಳಗೆ ಹಸಿರು-ಬಿಳಿಯ ಎರಡು ಕಾಲು ಒಂದಕ್ಕೊಂದು ಕೂಡಿಸಿದ್ದರೆ 'ಇದು ಚಾರ್ಜರು' ಎಂದು ಮೊಬೈಲು ತಿಳಿದು ಬೇಕಾದಷ್ಟು ಎಳೆಯುತ್ತದೆ. ಕೂಡಿಸದೆ ಬಿಟ್ಟಿದ್ದರೆ ಕಂಪ್ಯೂಟರಿಗೆ ಸಿಕ್ಕಿಸಿದ್ದಾರೇನೋ ಎಂದುಕೊಂಡು ಅರ್ಧ ಆಂಪಿಯರಿನಷ್ಟಕ್ಕೇ ನಿಲ್ಲುತ್ತದೆ. ಪರದೆ ಪೂರ್ಣ ಬೆಳಕಿನಲ್ಲಿ ಉರಿಯುತ್ತ, ನಕಾಶೆ ತೋರಿಸುತ್ತ ಇರುವ ಮೊಬೈಲಿಗೆ ಅದು ಸಾಲದು. ಬರುವುದಕ್ಕಿಂತ ಹೋಗುವುದು ಹೆಚ್ಚು. ತೂತು ಬಿದ್ದ ತೊಟ್ಟಿಗೆ ಅರ್ಧ ಇಂಚಿನ ನಲ್ಲಿ ಬಿಟ್ಟಂತೆ.

ಅಂದರೆ ನನಗೆ ಬೇಕಾದದ್ದು ಎರಡು. ರಸ್ತೆಯ ಮೇಲಿನ ಕಣ್ಣು ಕೆಳಗಿಳಿಸದೆ ಕಾಣುವ ಹಾಗೆ ಮೊಬೈಲನ್ನು ಗಟ್ಟಿ ಹಿಡಿಯುವ ಗೂಡು. ಆ ಗೂಡಿಗೇ ಗಾಡಿಯ ಬ್ಯಾಟರಿಯಿಂದ ನೆಟ್ಟಗೆ ಬರುವ ಕರೆಂಟು.

ಅಂಗಡಿಯಲ್ಲಿ ಸಿಗುವುದಿಲ್ಲವೇ? ಸಿಗುತ್ತದೆ. ಗಾಜಿಗೆ ಅಂಟುವ ರಬ್ಬರಿನದು ತಂದಿದ್ದೆವು. ನಮ್ಮ ಬಿಸಿಲು, ನಮ್ಮ ದೂಳಿಗೆ ಎರಡು ವಾರಕ್ಕೆ ಕಳಚಿ ಬಿತ್ತು.

ಕಲ್ಲು ಕೈ ಕೊಟ್ಟಿತು, ಕಲ್ಲೇ ಕೈ ಹಿಡಿಯಿತು

ಇಳಕಲ್ಲಿನವರಿಗೆ ಕಲ್ಲಿಗೇನು ಬರ? ಮೊದಲು ಗ್ರಾನೈಟಿನ ತುಂಡೊಂದಕ್ಕೆ ತಗಡಿನ ಹಿಡಿಕೆ ಅಂಟಿಸಿ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟೆ. ಭಾರಕ್ಕೆ ಕದಲುವುದಿಲ್ಲ ಎಂಬ ಲೆಕ್ಕ. ಹೊಲದ ದಾರಿಯಲ್ಲಿ ಎಮ್ಮೆ ಅಡ್ಡ ಬಂತು, ಹುಡುಗ ಬ್ರೇಕ್ ಒತ್ತಿದ, ಕಲ್ಲು ಹಾರಿ ಅವನ ಮೊಣಕಾಲಿಗೆ ಬಡಿಯಿತು. ಯಾರೂ ಈ ಬುದ್ಧಿ ಮಾಡಬೇಡಿ. ಬಿಡಿಯಾಗಿ ಇಟ್ಟ ಭಾರ ಯಾವುದೇ ಇರಲಿ, ಗಾಡಿ ನಿಂತರೂ ಅದು ನಿಲ್ಲುವುದಿಲ್ಲ.

ಆಮೇಲೆ ಕಣ್ಣಿಗೆ ಬಿದ್ದದ್ದು ತೋಟದ ಮೂಲೆಯಲ್ಲಿದ್ದ 4 ಇಂಚಿನ ಪಿವಿಸಿ ಪೈಪಿನ ತುಂಡು. ಎಂಟು ಇಂಚು ಉದ್ದ ಕತ್ತರಿಸಿ, ಆಕ್ಸಾ ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಹಂಚಿನ ಮೇಲೆ ಮರಳು ಕಾಯಿಸಿ ಅದರ ಮೇಲಿಟ್ಟು ತಿರುವುತ್ತ ಹೋದರೆ ಚರ್ಮದಂತೆ ಮೆತ್ತಗಾಗುತ್ತದೆ. ಆಗ ಪಾಲಿಶ್ ಆದ ಎರಡು ಗ್ರಾನೈಟ್ ತುಂಡುಗಳ ನಡುವೆ ಇಟ್ಟು ಮೇಲೆ ನಿಂತೆ. ತಣಿದ ಮೇಲೆ ನೋಡಿದರೆ ಹದಿಮೂರೂವರೆ ಇಂಚು ಅಗಲದ ಸಪಾಟಾದ ಹಾಳೆ! ಮೊದಲು ಮೋಸ ಮಾಡಿದ ಕಲ್ಲು ಇಲ್ಲಿ ಉಪಕಾರ ಮಾಡಿತು. ನೆನಪಿರಲಿ, ಪಿವಿಸಿಗೆ ನೇರ ಬೆಂಕಿ ತಾಗಿಸಬಾರದು. ಸುಟ್ಟರೆ ಬರುವ ಹೊಗೆ ವಿಷ. ಬಯಲಲ್ಲೇ ಮಾಡಿ, ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ.

ಹಾಳೆಯಿಂದ ಬೇಕಾದಷ್ಟು ಕತ್ತರಿಸಿ, ಮತ್ತೆ ಕಾಯಿಸಿ, ಮೊಬೈಲಿನ ಅಳತೆಗೆ ಮಡಚಬೇಕು. ನಿಜವಾದ ಮೊಬೈಲನ್ನು ಬಿಸಿ ಪೈಪಿಗೆ ಒತ್ತಬೇಡಿ. ಅದೇ ಅಳತೆಯ ಹಲಗೆ ತುಂಡು ಕೊರೆದಿಟ್ಟುಕೊಳ್ಳಿ. ಕೆಳಗೆ ಮುಕ್ಕಾಲು ಇಂಚಿನ ತುಟಿ, ನಡುವೆ ವೈರಿಗೆ ಸಂದು. ಎರಡೂ ಬದಿಗೆ ಕಿವಿ. ಒಳಗೆ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿದರೆ ಗಡಗಡ ಸದ್ದಿಲ್ಲ. ಮೇಲಿನಿಂದ ಟ್ಯೂಬಿನದೇ ಒಂದು ಉಂಗುರ ಬಿಗಿದೆ. ತುದಿಯನ್ನು ಮುಂದಕ್ಕೆ ಬಾಗಿಸಿ ಟೋಪಿಯಂತೆ ನೆರಳು ಮಾಡಿದೆ. ಬಿಳಿ ಪೈಪು ರಾತ್ರಿ ಗಾಜಿನಲ್ಲಿ ಹೊಳೆದು ಕಣ್ಣು ಕುಕ್ಕುತ್ತಿತ್ತು. ಹೊಳಪಿಲ್ಲದ ಕರಿ ಬಣ್ಣ ಬಳಿದ ಮೇಲೆ ಸರಿಹೋಯಿತು.

ಗೂಡನ್ನು ಕಬ್ಬಿಣದ ಪಟ್ಟಿಗೆ, ಪಟ್ಟಿಯನ್ನು ಡ್ಯಾಶ್‌ಬೋರ್ಡಿನಲ್ಲಿ ಮೊದಲೇ ಇರುವ ಸ್ಕ್ರೂ ಜಾಗಕ್ಕೆ ಬಿಗಿದಿದ್ದೇನೆ. ಸ್ಟೀರಿಂಗಿನ ಎಡಕ್ಕೆ, ಗಾಜಿನ ಹತ್ತಿರ, ಆದರೆ ರಸ್ತೆ ಮರೆಯಾಗದಷ್ಟು ಕೆಳಗೆ. ಗಾಜಿನ ಹತ್ತಿರ ಏಕೆಂದರೆ ಉಪಗ್ರಹದ ಸಂಕೇತ ತಗಡಿನ ಛಾವಣಿ ದಾಟಿ ಬರುವುದಿಲ್ಲ, ಗಾಜಿನಿಂದ ಬರುತ್ತದೆ. ಒಂದೇ ನಟ್ಟು ಹಾಕಿದರೆ ಕುಲುಕಾಟಕ್ಕೆ ಸಡಿಲಾಗುತ್ತದೆ. ಸ್ಪ್ರಿಂಗ್ ವಾಷರ್ ಹಾಕಿ ಎರಡು ನಟ್ಟು ಬಿಗಿಯಿರಿ. ಏರ್‌ಬ್ಯಾಗ್ ಇರುವ ಹೊಸ ಗಾಡಿಯಾದರೆ ಅದರ ಮುಚ್ಚಳದ ಮೇಲಾಗಲಿ ಮುಂದಾಗಲಿ ಏನನ್ನೂ ಕೂರಿಸಬಾರದು.

ಫ್ಯೂಜ್ ಇಲ್ಲದೆ ಕೈ ಸುಟ್ಟುಕೊಂಡದ್ದು

ಗಾಡಿಯ ಬ್ಯಾಟರಿ 12 ವೋಲ್ಟಿನದು. ಇಂಜಿನ್ ಓಡುವಾಗ 14 ದಾಟುತ್ತದೆ. ಮೊಬೈಲಿಗೆ ಬೇಕಾದದ್ದು 5. ಇಳಿಸಲು ಎಲ್ಎಂ 2596 ಎಂಬ ಐಸಿ ಕೂರಿಸಿದ ಬೆಂಕಿಪೊಟ್ಟಣದಷ್ಟು ಹಲಗೆ ಸಿಗುತ್ತದೆ. 'ಬಕ್ ಕನ್ವರ್ಟರ್' ಎಂದು ಕೇಳಬೇಕು. ಅದರ ಮೇಲೆ ಪುಟ್ಟ ಹಿತ್ತಾಳೆ ಸ್ಕ್ರೂ ಇರುತ್ತದೆ. ಮೊಬೈಲು ಸಿಕ್ಕಿಸುವ ಮೊದಲು ಮೀಟರಿನಲ್ಲಿ ನೋಡುತ್ತ ಅದನ್ನು ತಿರುವಿ 5.1 ವೋಲ್ಟಿಗೆ ತಂದು, ಮೇಲೆ ಒಂದು ಹನಿ ನೇಲ್ ಪಾಲಿಶ್ ಹಾಕಿ ಕದಲದಂತೆ ಮಾಡಿ. ಅಳೆಯದೆ ಸಿಕ್ಕಿಸಿದರೆ ಮೊಬೈಲು ಆ ಕ್ಷಣವೇ ಹೋದೀತು. ಹಲಗೆಯಿಂದ ಹೊರಬರುವ ಎರಡು ವೈರನ್ನು ನಾಲ್ಕು ಕಾಲಿನ ಯುಎಸ್‌ಬಿ ಸಾಕೆಟ್ಟಿಗೆ ಬೆಸೆದು, ನಡುವಿನ ಎರಡು ಕಾಲನ್ನು ಒಂದಕ್ಕೊಂದು ಕೂಡಿಸಿದೆವು. ಸಾಕೆಟ್ಟು ಗೂಡಿನ ಬೆನ್ನಿಗೇ ಇದೆ. ಹಾಗಾಗಿ ಮೊಬೈಲಿನ ವೈರು ಗೇಣುದ್ದ ಸಾಕು. ಈಗ ಆ ತುದಿಯಲ್ಲಿ 4.9 ತೋರಿಸುತ್ತದೆ.

ಬ್ಯಾಟರಿ ಬದಿಯ ಕೆಲಸವನ್ನು ಮಾತ್ರ ನಾನೇ ಕೆಡಿಸಿದೆ. ರಿಪೇರಿ ಹುಡುಗ ಫ್ಯೂಜ್ ಹಾಕಿರಿ ಎಂದಿದ್ದ. ಸಣ್ಣ ಮೊಬೈಲಿಗೆ ಎಂಥ ಫ್ಯೂಜ್ ಎಂದು ನೇರ ಕೊಟ್ಟೆ. ವೈರು ಡ್ಯಾಶ್‌ಬೋರ್ಡಿನ ಕೆಳಗೆ ತಗಡಿನ ತೂತಿನಿಂದ ಹಾದಿತ್ತು. ಹದಿನೈದು ದಿನ ಕುಲುಕಿ ಕುಲುಕಿ ಅದರ ಸಿಪ್ಪೆ ಸವೆದು ತಾಮ್ರ ತಗಡಿಗೆ ತಾಗಿತು. ಒಮ್ಮೆಲೇ ಹೊಗೆ. ವೈರು ಈ ತುದಿಯಿಂದ ಆ ತುದಿಯವರೆಗೆ ಕೆಂಪಗೆ ಕಾದು ಕರಗಿತು. ನಾನು ಎಳೆಯಲು ಹೋಗಿ ಎರಡು ಬೆರಳು ಸುಟ್ಟುಕೊಂಡೆ. ಹುಡುಗ ಓಡಿ ಬ್ಯಾಟರಿಯ ಟರ್ಮಿನಲ್ ಕಿತ್ತ. ಗಾಡಿಯಲ್ಲಿ ಹಣ್ಣು ಮುಚ್ಚಲು ಭತ್ತದ ಹುಲ್ಲು ಇತ್ತು. ಬೆಂಕಿ ಹತ್ತಿದ್ದರೆ ಉಳಿಯುತ್ತಿರಲಿಲ್ಲ.

ಮೊಬೈಲು ಎಳೆಯುವುದು ಸಣ್ಣದೇ. ಆದರೆ ವೈರು ತಾಗಿದಾಗ ಬ್ಯಾಟರಿ ಕೊಡುವುದು ಸಣ್ಣದಲ್ಲ. ಫ್ಯೂಜ್ ಇರುವುದು ವೈರಿಗಾಗಿ, ಮೊಬೈಲಿಗಾಗಿ ಅಲ್ಲ. 5 ವೋಲ್ಟಿನಲ್ಲಿ 2 ಆಂಪಿಯರ್ ಬೇಕಾದರೆ 12 ವೋಲ್ಟಿನ ಬದಿಯಲ್ಲಿ ಒಂದು ಆಂಪಿಯರಿನಷ್ಟು ಹರಿದರೆ ಆಯಿತು. ಹಾಗಾಗಿ 2 ಆಂಪಿಯರಿನ ಫ್ಯೂಜ್ ಸಾಕು. ಅದನ್ನು ಕರೆಂಟು ತೆಗೆದುಕೊಳ್ಳುವ ಜಾಗದಿಂದ ಗೇಣಿನೊಳಗೆ ಹಾಕಬೇಕು, ಗೂಡಿನ ಹತ್ತಿರ ಅಲ್ಲ. ಕೀಲಿ ತಿರುವಿದಾಗ ಮಾತ್ರ ಕರೆಂಟು ಬರುವ ಎಳೆ ಯಾವುದೆಂದು ಸಣ್ಣ ಬಲ್ಬು ಹಿಡಿದು ಪತ್ತೆ ಮಾಡಿ ಅಲ್ಲಿಂದ ತೆಗೆದುಕೊಳ್ಳಿ. ಇಲ್ಲದಿದ್ದರೆ ಹಲಗೆ ರಾತ್ರಿಯಿಡೀ ಬ್ಯಾಟರಿ ತಿನ್ನುತ್ತದೆ. ತಗಡು ದಾಟುವಲ್ಲೆಲ್ಲ ವೈರಿಗೆ 16 ಎಂಎಂ ಲ್ಯಾಟರಲ್ ತುಂಡು ತೊಡಿಸಿದ್ದೇನೆ. ತೋಟದಲ್ಲಿ ಇಲಿ ಕಡಿದು ಬಿಟ್ಟದ್ದು ಬೇಕಾದಷ್ಟಿದೆ.

ಖರ್ಚಿನ ಲೆಕ್ಕ: ಬಕ್ ಕನ್ವರ್ಟರ್ 90, ಫ್ಯೂಜ್ ಮತ್ತು ಅದರ ಮನೆ 25, ವೈರು 60, ಸಾಕೆಟ್ಟು 15, ದಪ್ಪ ಎಳೆಯ ಗಿಡ್ಡ ಕೇಬಲ್ 120, ನಟ್ಟು ಬೋಲ್ಟು 30. ಒಟ್ಟು ರೂ. 340. ಬೆಸುಗೆಗೆ ರಿಪೇರಿ ಹುಡುಗ ದುಡ್ಡು ಮುಟ್ಟಲಿಲ್ಲ, ಎರಡು ಕಿಲೋ ದಾಳಿಂಬೆ ಕೊಟ್ಟೆ. ಸುಟ್ಟುಹೋದ ಮೊದಲ ವೈರಿನ ಲೆಕ್ಕ ಇದರಲ್ಲಿಲ್ಲ.

ನೆಟ್ ಇಲ್ಲದಲ್ಲಿ

ನಮ್ಮ ದಾರಿಯಲ್ಲಿ ಟವರ್ ಸಿಗದ ಜಾಗ ಇವೆ. ಅಲ್ಲಿ ದಾರಿ ತಪ್ಪುತ್ತದೆಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಜಿಪಿಎಸ್ ಉಪಗ್ರಹಗಳು 20,200 ಕಿಲೋಮೀಟರ್ ಎತ್ತರದಿಂದ ಸಮಯದ ಸಂಕೇತ ಕಳಿಸುತ್ತವೆ. ಮೊಬೈಲು ಕನಿಷ್ಠ ನಾಲ್ಕರ ಸಂಕೇತ ಕೇಳಿಸಿಕೊಂಡು ತಾನೆಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. ಇದಕ್ಕೆ ರೀಚಾರ್ಜೂ ಬೇಡ, ಟವರೂ ಬೇಡ. ಅಮೆರಿಕ ಇದನ್ನು 1995ರಲ್ಲಿ ಪೂರ್ಣವಾಗಿ ಚಾಲೂ ಮಾಡಿತು. ಜನಸಾಮಾನ್ಯರಿಗೆ ಬೇಕೆಂದೇ ಒರಟು ಲೆಕ್ಕ ಕೊಡುತ್ತಿದ್ದುದನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿತು. ನಮ್ಮ ಇಸ್ರೋ ತನ್ನದೇ ವ್ಯವಸ್ಥೆಯ ಮೊದಲ ಉಪಗ್ರಹವನ್ನು 2013ರ ಜುಲೈ 1ರಂದು ಹಾರಿಸಿತು. ಅದರ ನೆಲದ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ.

ನೆಟ್ ಬೇಕಾಗುವುದು ನಕಾಶೆಯ ಚಿತ್ರಕ್ಕೆ. ಅದನ್ನು ಮನೆಯಲ್ಲೇ ಮೊದಲೇ ಇಳಿಸಿಟ್ಟುಕೊಳ್ಳಬಹುದು. ಈಗ ಹೊರಡುವ ಹಿಂದಿನ ಸಂಜೆ ಬಾಗಲಕೋಟೆಯಿಂದ ಹೈದರಾಬಾದಿನವರೆಗಿನದನ್ನು ಇಳಿಸಿ, ಎಲ್ಲಿಗೆ ಎಂಬುದನ್ನೂ ಬರೆದಿಡುತ್ತೇವೆ. ಗಾಡಿ ಓಡುವಾಗ ಯಾರೂ ಅಕ್ಷರ ಒತ್ತುವಂತಿಲ್ಲ.

ಕಾಯ್ದೆಯ ಮಾತೂ ಕೇಳಿಕೊಂಡು ಬಂದೆ. ಮೊಬೈಲು ಕೈಯಲ್ಲಿ ಹಿಡಿದು ಓಡಿಸಿದರೆ 2019ರ ತಿದ್ದುಪಡಿಯ ಪ್ರಕಾರ ಅದು ಅಪಾಯಕಾರಿ ಚಾಲನೆ. ದಾರಿ ನೋಡಲು ಮಾತ್ರ, ಚಾಲಕನ ಗಮನ ಕೆಡದಂತೆ ಬಳಸಬಹುದೆಂದು 2020ರ ಅಕ್ಟೋಬರಿನಿಂದ ಜಾರಿಯಾದ ನಿಯಮ ಹೇಳುತ್ತದೆ.

ಗೂಡು ಕಟ್ಟಿದ ಮೇಲೆ ಪೆದ್ದ ಅಂಬರಪೇಟ ಒಮ್ಮೆಯೂ ತಪ್ಪಿಲ್ಲ. ಬಗೆಹರಿಯದ್ದು ಬೇಸಿಗೆ. ಏಪ್ರಿಲ್‌ನ ಮಧ್ಯಾಹ್ನ ಗಾಜಿನ ಹಿಂದೆ ಮೊಬೈಲು ಕಾದು ಚಾರ್ಜು ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ. ಅದರ ಬ್ಯಾಟರಿ 45 ಡಿಗ್ರಿ ದಾಟಿದರೆ ಚಾರ್ಜು ಮಾಡುವುದು ಒಳ್ಳೆಯದೂ ಅಲ್ಲ. ಟೋಪಿ ಸ್ವಲ್ಪ ತಡೆಯುತ್ತದೆ, ಪೂರಾ ಅಲ್ಲ. ಆ ಹೊತ್ತಿನಲ್ಲಿ ಪರದೆ ಆರಿಸಿ, ಬರೀ ಧ್ವನಿ ಕೇಳುತ್ತ ಹೋಗುತ್ತೇವೆ. ಕೇಬಲಿನ ತುದಿಯೂ ಆರೇಳು ತಿಂಗಳಿಗೆ ಸಡಿಲಾಗುತ್ತದೆ, ಒಂದು ಹೆಚ್ಚಿನದು ಗಾಡಿಯಲ್ಲೇ ಇರಲಿ.

ನೋಡಿದವರು ನಾಲ್ಕೈದು ಜನ ಮಾಡಿಸಿಕೊಂಡಿದ್ದಾರೆ. ನೆರೆ ಹೊಲದವರು, "ನಮ್ಮ ಟ್ರ್ಯಾಕ್ಟರಿಗೂ ಒಂದು ಹಾಕಿಕೊಡ್ರಿ ಯಜಮಾನ್ರ" ಎಂದು ಬೆನ್ನು ಹತ್ತಿದ್ದಾರೆ. ಅವರ ಟ್ರ್ಯಾಕ್ಟರಿನಲ್ಲಿ ಬ್ಯಾಟರಿಯೇ ಇಲ್ಲ, ಇಳಿಜಾರಿನಲ್ಲಿ ನಿಲ್ಲಿಸಿ ದೂಡಿ ಚಾಲೂ ಮಾಡುತ್ತಾರೆ. ಬ್ಯಾಟರಿ ಇಲ್ಲದೆ ಬರೀ ಡೈನಮೋದಿಂದ ಕೊಟ್ಟರೆ ವೋಲ್ಟು ಏರಿಳಿದು ಮೊಬೈಲು ಸುಡುತ್ತದೆ. ಬ್ಯಾಟರಿ ಕೂರಿಸಿದ ದಿನ ಹೇಳಿ ಕಳಿಸಿರಿ, ಪೈಪು ತಗೊಂಡು ಬರ್ತೀನಿ ಎಂದಿದ್ದೇನೆ.